ಬರ್ನಿಂಗ್ ಮ್ಯಾನ್‌ಗೆ ವಿಮಾನದಲ್ಲಿ ಹೊರಟಿದ್ದೀರಾ? ಮೊದಲು ಆ ಕುಕ್ಕರ್ ಕೆಳಗಿಡಿ

2022ರಲ್ಲಿ ಮೊದಲ ಸಲ ಬರ್ನಿಂಗ್ ಮ್ಯಾನ್‌ಗೆ ಹೊರಟಾಗ ಡಲ್ಲಾಸ್‌ನ ನಮ್ಮ ಮನೆಯ ಹಾಲ್ ತುಂಬ ಸಾಮಾನು ಹರಡಿಕೊಂಡು ಕೂತಿದ್ದೆ. ಟೆಂಟು, ಸ್ಟೋವ್, ಮೂರು ಲೀಟರ್ ಕುಕ್ಕರ್, ಎರಡು ಕೆಜಿ ಅಕ್ಕಿ, ಬೇಳೆ, ಮಡಚುವ ಕುರ್ಚಿ, ಬಕೆಟ್ಟು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, "ಮನೆ ಖಾಲಿ ಮಾಡ್ತಿದ್ದೀರಾ ಹೇಗೆ?" ಅಂದಳು. ಅದರಲ್ಲಿ ಅರ್ಧ ಸಾಮಾನು ವಿಮಾನ ಹತ್ತಲೇ ಇಲ್ಲ. ಹತ್ತಿದ್ದರಲ್ಲಿ ಅರ್ಧ ಉಪಯೋಗಕ್ಕೆ ಬರಲಿಲ್ಲ. ಮಾರನೇ ವರ್ಷ ಮತ್ತೆ ಹೋದೆ. ಅದು ಕೆಸರಿನ ವರ್ಷ, ಆ ಕಥೆ ಆಮೇಲೆ. ಎರಡು ಸಲದ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ನೆವಾಡಾದಲ್ಲಿ ಬ್ಲ್ಯಾಕ್ ರಾಕ್ ಮರುಭೂಮಿ ಅಂತ ಇದೆ. ಒಣಗಿದ ಕೆರೆಯಂಗಳ, ಕಣ್ಣು ಹಾಯಿಸಿದಷ್ಟು ದೂರ ಬಿಳಿ ಮಣ್ಣು, ಒಂದು ಹುಲ್ಲುಕಡ್ಡಿ ಇಲ್ಲ. ಆ ಅಂಗಳಕ್ಕೆ ಎಲ್ಲರೂ ಪ್ಲಾಯಾ ಅಂತಾರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಸುಮಾರು 70,000 ಜನ ಅಲ್ಲಿ ಒಂದು ಊರು ಕಟ್ಟಿ, ಬಾಳಿ, ಮತ್ತೆ ಕಿತ್ತುಕೊಂಡು ಹೋಗುತ್ತಾರೆ. ಆ ಜಾತ್ರೆಯೇ ಬರ್ನಿಂಗ್ ಮ್ಯಾನ್. ಕೊನೆಯ ಶನಿವಾರ ರಾತ್ರಿ ಮರದ ದೊಡ್ಡ ಮನುಷ್ಯನ ಬೊಂಬೆ ಸುಡುತ್ತಾರೆ, ಹೆಸರು ಬಂದದ್ದು ಅದರಿಂದ. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ನಲ್ಲಿ ಇಲ್ಲ, ಕಸದ ಡಬ್ಬಿ ಕೂಡ ಇಲ್ಲ, ನಮ್ಮ ಕಸವನ್ನೆಲ್ಲ ನಾವೇ ವಾಪಸು ಒಯ್ಯಬೇಕು. ತಿನ್ನುವ, ಕುಡಿಯುವ ಪೈಕಿ ದುಡ್ಡಿಗೆ ಸಿಗುವುದು ಐಸ್ ಒಂದೇ. 2022ಕ್ಕೂ ಮುಂಚೆ ಕಾಫಿ ಮಾರುತ್ತಿದ್ದರಂತೆ, ಈಗ ಅದೂ ಇಲ್ಲ. ಕಾಫಿ ಇಲ್ಲದೆ ಬೆಳಗಾಗದ ನಮ್ಮಂಥವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಕ್ಯಾಲಿಫೋರ್ನಿಯಾದವರು ಟ್ರಕ್ಕಿಗೆ ಎಲ್ಲ ತುಂಬಿಕೊಂಡು ಬಂದುಬಿಡುತ್ತಾರೆ. ನಾವು ವಿಮಾನದವರು. ನಮ್ಮ ಲೆಕ್ಕವೇ ಬೇರೆ.

ನೀರಿನ ಲೆಕ್ಕದಿಂದ ಶುರು ಮಾಡಿ

ಬರ್ನಿಂಗ್ ಮ್ಯಾನ್ ನಡೆಸುವವರು ಹೇಳುವುದು ಒಬ್ಬರಿಗೆ ದಿನಕ್ಕೆ ಒಂದೂವರೆ ಗ್ಯಾಲನ್ ನೀರು. ಅಂದರೆ ಐದೂಮುಕ್ಕಾಲು ಲೀಟರ್ ಹತ್ತಿರ. ಕುಡಿಯಲು, ಅಡುಗೆಗೆ, ಕೈಕಾಲು ಮುಖಕ್ಕೆ ಎಲ್ಲ ಸೇರಿ. ಎಂಟು ದಿನಕ್ಕೆ 12 ಗ್ಯಾಲನ್, ಹೆಚ್ಚುಕಮ್ಮಿ 45 ಲೀಟರ್, ಅಂದರೆ 45 ಕೆಜಿ. ವಿಮಾನದ ಒಂದು ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 50 ಪೌಂಡ್, ಸುಮಾರು 23 ಕೆಜಿ ಮಿತಿ. ನೀರೇ ಎರಡು ಬ್ಯಾಗು ತುಂಬಿತು!

ಹಾಗಾಗಿ ನೀರನ್ನು ವಿಮಾನದಲ್ಲಿ ತರುವ ಮಾತೇ ಇಲ್ಲ. ಆದರೂ ಈ ಲೆಕ್ಕ ಹಾಕಿಸುವುದಕ್ಕೆ ಕಾರಣ ಇದೆ. ಭಾರ ಇರುವುದೆಲ್ಲ ರೀನೋದಲ್ಲಿ ಸಿಗುತ್ತದೆ. ರೀನೋ ಅಂದರೆ ನೀವು ಇಳಿಯುವ ಊರು, ಅಲ್ಲಿಂದ ಜಾತ್ರೆಯ ಜಾಗಕ್ಕೆ ಸುಮಾರು 190 ಕಿಮೀ ರಸ್ತೆ. ನೀರು, ಗ್ಯಾಸ್, ಕಬ್ಬಿಣದ ಗೂಟ, ಕುರ್ಚಿ, ಐಸ್ ಪೆಟ್ಟಿಗೆ ಎಲ್ಲ ಅಲ್ಲೇ. ನಿಮ್ಮ ಮೈಗೆ, ನಿಮ್ಮ ನಾಲಿಗೆಗೆ ಒಗ್ಗುವಂಥದ್ದು ಮಾತ್ರ ಮನೆಯಿಂದ ಬರಲಿ: ಮಲಗುವ ಚೀಲ, ಔಷಧಿ, ಕನ್ನಡಕ, ಚಟ್ನಿಪುಡಿ.

ಟಿಕೆಟ್ ತೆಗೆಯುವಾಗಲೇ ಎರಡು ವಿಷಯ

ರೀನೋಗೆ ನೀವು ಒಳಗೆ ಹೋಗುವ ಹಿಂದಿನ ದಿನ ಬೆಳಗ್ಗೆಯೇ ಇಳಿಯುವ ಹಾಗೆ ಟಿಕೆಟ್ ತೆಗೆಯಿರಿ. ಅರ್ಧ ದಿನ ಅಂಗಡಿ ಸುತ್ತಲು ಬೇಕು. ಬ್ಯಾಗು ತಡವಾದರೆ ಬರಲು ಒಂದು ರಾತ್ರಿ ಸಮಯವೂ ಸಿಗುತ್ತದೆ. ವಾಪಸು ಟಿಕೆಟ್ ಸೋಮವಾರಕ್ಕೆ ಬೇಡ. ಮಂಗಳವಾರವೋ ಬುಧವಾರವೋ ಇರಲಿ, ದಿನ ಬದಲಿಸಲು ಆಗುವ ಟಿಕೆಟ್ ಆದರೆ ಇನ್ನೂ ಒಳ್ಳೆಯದು.

ಯಾಕೆ ಅಂತ 2023ರಲ್ಲಿ ಇದ್ದವರನ್ನು ಕೇಳಿ. ಆ ವರ್ಷ ಸೆಪ್ಟೆಂಬರ್ 1ರ ಶುಕ್ರವಾರ ಮಳೆ ಶುರುವಾಯಿತು. ಆ ಮಣ್ಣು ಒದ್ದೆಯಾದರೆ ಕುಂಬಾರನ ಜೇಡಿಯ ಹಾಗೆ ಆಗುತ್ತದೆ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿಗೆ ಎರಡು ಕೆಜಿ ಮೆತ್ತಿಕೊಳ್ಳುತ್ತದೆ. ಗಾಡಿ ಓಡಿಸಬೇಡಿ ಅಂದರು, ದಾರಿ ಮುಚ್ಚಿದರು, ಇರುವ ಊಟ ನೀರು ಜೋಪಾನ ಮಾಡಿ ಅಂತ ಸಾರಿದರು. ಸೋಮವಾರ ಮಧ್ಯಾಹ್ನದವರೆಗೆ ಎಲ್ಲರೂ ಅಲ್ಲೇ. ಶನಿವಾರ ರಾತ್ರಿ ಸುಡಬೇಕಿದ್ದ ಮನುಷ್ಯನ ಬೊಂಬೆಯನ್ನು ಸೋಮವಾರ ರಾತ್ರಿ ಸುಟ್ಟರು. ನನ್ನ ವಿಮಾನ ಸೋಮವಾರ ಸಂಜೆಗಿತ್ತು. ಹೋಯಿತು.

ಆದ್ದರಿಂದ ಊಟ ನೀರಿನ ಲೆಕ್ಕ ಹಾಕುವಾಗ ಇರುವ ದಿನಕ್ಕಿಂತ ಎರಡು ದಿನ ಜಾಸ್ತಿ ಹಿಡಿಯಿರಿ. ಮೇಲೆ ಹೇಳಿದ ಎಂಟು ದಿನ ಅಂದರೆ ಆರು ದಿನ ಇರುವವರ ಲೆಕ್ಕ.

ಇನ್ನೊಂದು, ಬ್ಯಾಗಿನ ದರ. ಎರಡು ಬ್ಯಾಗು ಪುಕ್ಕಟೆ ಅಂತ ಎಲ್ಲರೂ ಸೌತ್‌ವೆಸ್ಟ್ ಕಂಪನಿಯ ವಿಮಾನ ಹತ್ತುತ್ತಿದ್ದ ಕಾಲ ಮುಗಿಯಿತು. 2025ರ ಮೇ 28ರಿಂದ ತೆಗೆದ ಟಿಕೆಟ್‌ಗಳಲ್ಲಿ ಬಹುಪಾಲಿಗೆ ಅವರೂ ದುಡ್ಡು ತೆಗೆದುಕೊಳ್ಳುತ್ತಾರೆ. ಟಿಕೆಟ್ ಬೆಲೆ ಹೋಲಿಸುವಾಗ ಬ್ಯಾಗಿನ ದರವನ್ನೂ ಸೇರಿಸಿಯೇ ನೋಡಿ.

ಕೈಯಲ್ಲಿ ಹಿಡಿದು ಹತ್ತುವ ಬ್ಯಾಗು

ಇದನ್ನು ಮೊದಲು ಕಟ್ಟಿ. ದೊಡ್ಡ ಬ್ಯಾಗು ಬರದೇ ಹೋದರೂ ಒಂದು ರಾತ್ರಿ ಕಳೆಯುವಷ್ಟು ಇದರಲ್ಲಿ ಇರಬೇಕು. ಮೊದಲ ವರ್ಷ ನನ್ನ ಟೆಂಟಿದ್ದ ಬ್ಯಾಗು ಬಂದದ್ದು ಒಂದು ದಿನ ತಡವಾಗಿ. ಗೆಳೆಯರ ಕಾರು ಕಾಯುವುದಿಲ್ಲವಲ್ಲ. ನಾನು ಒಳಗೆ, ಬ್ಯಾಗು ರೀನೋದಲ್ಲಿ. ಪುಣ್ಯಕ್ಕೆ ಇನ್ನೊಬ್ಬ ಗೆಳೆಯ ಮಾರನೇ ದಿನ ಬರುವವನಿದ್ದ, ಎತ್ತಿಕೊಂಡು ಬಂದ. ಆ ರಾತ್ರಿ ಪಕ್ಕದ ಕ್ಯಾಂಪಿನವರ ಚಪ್ಪರದ ಕೆಳಗೆ ಒಂದು ಶಾಲು ಹೊದ್ದು ನಡುಗುತ್ತಾ ಮಲಗಿದ್ದೆ. ಹಗಲು 38 ಡಿಗ್ರಿ ದಾಟುವ ಜಾಗ ರಾತ್ರಿ ಐದಾರು ಡಿಗ್ರಿಗೆ ಇಳಿಯಬಹುದು ಅಂತ ಓದಿದ್ದೆ. ಓದಿದ್ದು ಬೇರೆ, ಮೈಗೆ ತಟ್ಟಿದ್ದು ಬೇರೆ.

ಹಾಗಾಗಿ ಮಲಗುವ ಚೀಲ ಕೈಬ್ಯಾಗಿನಲ್ಲಿ. ಅದು ದೊಡ್ಡದಾಗಿ ಕಂಡರೂ ಒತ್ತಿದರೆ ಕುಗ್ಗುತ್ತದೆ. ದಪ್ಪ ಜಾಕೆಟ್ ಮೈಮೇಲೆ ಹಾಕಿಕೊಂಡೇ ಹತ್ತಿ. ಔಷಧಿ, ತಲೆಗೆ ಕಟ್ಟುವ ಟಾರ್ಚು, ಎನ್95 ಮಾಸ್ಕು, ಧೂಳು ತಡೆಯುವ ಕನ್ನಡಕ ಇದರಲ್ಲೇ. ಸ್ಕೀ ಆಡುವವರು ಹಾಕುವಂಥ, ಮುಖಕ್ಕೆ ಒತ್ತಿ ಕೂರುವ ಕನ್ನಡಕ ಆಗಬೇಕು. ಸುಮ್ನೆ ತಂಪು ಕನ್ನಡಕ ಸಾಲದು. ಧೂಳೆದ್ದರೆ ನಿಮ್ಮ ಕೈ ನಿಮಗೇ ಕಾಣದಷ್ಟು ಬೆಳ್ಳಗಾಗುತ್ತದೆ.

ಪವರ್ ಬ್ಯಾಂಕು ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ತೊಂದರೆ ಇಲ್ಲ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ಆರಾಮಾಗಿ ಹೋಗುತ್ತದೆ. 100ರಿಂದ 160ರವರೆಗೆ ವಿಮಾನದವರ ಒಪ್ಪಿಗೆ ಬೇಕು. ಕ್ಯಾಂಪಿಂಗ್‌ಗೆ ಅಂತ ಮಾರುವ ಡಬ್ಬದಂಥ ದೊಡ್ಡ ಬ್ಯಾಟರಿಗಳು ವಿಮಾನ ಹತ್ತುವುದೇ ಇಲ್ಲ.

ನೀರಿನ ಬಾಟಲಿ ಖಾಲಿ ಇಟ್ಟುಕೊಂಡು ಭದ್ರತಾ ತಪಾಸಣೆ ದಾಟಿ, ಆಮೇಲೆ ತುಂಬಿಸಿ. ಮಡಚುವ ನೀರಿನ ಚೀಲ ಇದ್ದರೆ ಅದನ್ನೂ ಖಾಲಿ ಮಡಚಿ ಹಾಕಿ.

ಪುಡಿಗಳ ವಿಷಯದಲ್ಲಿ ಮಾತ್ರ ಎಚ್ಚರ. ಸುಮಾರು 350 ಮಿಲಿ ಡಬ್ಬಿಗಿಂತ ಜಾಸ್ತಿ ಪುಡಿ ಕೈಬ್ಯಾಗಿನಲ್ಲಿದ್ದರೆ ಬಿಚ್ಚಿ ನೋಡುತ್ತಾರೆ. ನನ್ನ ಹುರಿಹಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದು ಆ ಅಧಿಕಾರಿ ಅದೇನು ಅಂತ ಕೇಳಿದಾಗ, ಹುರಿದ ರಾಗಿ, ಬೆಲ್ಲ, ಏಲಕ್ಕಿ ಅಂತ ವಿವರಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು. ಪುಡಿ ಎಲ್ಲ ಚೆಕ್-ಇನ್‌ಗೆ.

ಚೆಕ್-ಇನ್ ಬ್ಯಾಗು

ಉದ್ದ, ಅಗಲ, ಎತ್ತರ ಕೂಡಿದರೆ 62 ಇಂಚು ಮೀರದ ಬಟ್ಟೆಯ ಡಫಲ್ ಬ್ಯಾಗು ಸಾಕು. ಚಕ್ರದ ಸೂಟ್‌ಕೇಸ್ ಬೇಡ. ಆ ಧೂಳು ಚಕ್ರದೊಳಗೆ ಕೂತರೆ ಮುಗಿಯಿತು, ಜೊತೆಗೆ ಖಾಲಿ ಸೂಟ್‌ಕೇಸೇ ನಾಲ್ಕು ಕೆಜಿ ತಿನ್ನುತ್ತದೆ.

ನನ್ನ ಎರಡನೇ ವರ್ಷದ ತೂಕ ಹೀಗಿತ್ತು: ಟೆಂಟು 4 ಕೆಜಿ, ನೆರಳಿಗೆ ಬೆಳ್ಳಿಬಣ್ಣದ ಜಾಲರಿ ಬಟ್ಟೆ ಒಂದೂವರೆ, ಮಲಗುವ ಚಾಪೆ ಮುಕ್ಕಾಲು, ಬಟ್ಟೆಬರೆ 5, ಹಗ್ಗ, ಟೇಪು, ದೀಪ ಇತ್ಯಾದಿ ಒಂದೂವರೆ, ಊಟ 6 ಕೆಜಿ. ಬ್ಯಾಗೂ ಸೇರಿ ಇಪ್ಪತ್ತರ ಆಸುಪಾಸು. ಉಳಿದ ಎರಡು ಮೂರು ಕೆಜಿ ಖಾಲಿ ಬಿಡಿ. ವಾಪಸು ಬರುವಾಗ ಧೂಳಿನ ತೂಕವೇ ಒಂದಿಷ್ಟು ಸೇರುತ್ತದೆ, ತಮಾಷೆ ಅಲ್ಲ.

ಟೆಂಟು ಆರಿಸುವಾಗ ನೋಡಬೇಕಾದದ್ದು ಒಂದೇ: ಮೇಲಿನ ಜಾಲರಿ. ಈಗಿನ ಟೆಂಟುಗಳಲ್ಲಿ ಗಾಳಿಯಾಡಲಿ ಅಂತ ಅರ್ಧಕ್ಕರ್ಧ ಸೊಳ್ಳೆಪರದೆಯೇ ಇರುತ್ತದೆ. ಅಲ್ಲಿ ಸೊಳ್ಳೆ ಇಲ್ಲ, ಧೂಳಿದೆ. ಮೈದಾ ಹಿಟ್ಟಿನಷ್ಟು ನಯವಾದ ಧೂಳು. ಜಾಲರಿಗೆ ಜಿಪ್ಪಿನ ಮುಚ್ಚಳ ಇರುವ ಟೆಂಟು ಕೊಳ್ಳಿ. ಇಲ್ಲದಿದ್ದರೆ ಹಳೇ ಕಾಟನ್ ಸೀರೆ ತುಂಡು ಹೊಲಿದುಬಿಡಿ, ನಾನು ಮಾಡಿದ್ದು ಅದೇ.

ಟೆಂಟಿನ ಜೊತೆ ಬರುವ ತೆಳು ಗೂಟಗಳನ್ನು ಮನೆಯಲ್ಲೇ ಬಿಡಿ. ಆ ಗಟ್ಟಿ ನೆಲಕ್ಕೆ ಅವು ಬಗ್ಗುತ್ತವೆ, ಗಂಟೆಗೆ 100 ಕಿಮೀ ದಾಟುವ ಗಾಳಿ ಬೀಸಿದರೆ ಕಿತ್ತು ಬರುತ್ತವೆ. ಅಲ್ಲಿ ಬೇಕಾಗುವುದು ಒಂದಡಿಗಿಂತ ಉದ್ದದ ಕಬ್ಬಿಣದ ಕಂಬಿ, ಅಥವಾ ಡ್ರಿಲ್ಲಿನಿಂದ ತಿರುಗಿಸಿ ಇಳಿಸುವ ಉದ್ದ ಸ್ಕ್ರೂ. ಭಾರ ಅಲ್ವಾ? ರೀನೋ.

ಬ್ಯಾಗಿಗೆ ಹಾಕಲೇಬಾರದ್ದು

ಗ್ಯಾಸ್ ಕ್ಯಾನ್, ಕೈಗೂ ಇಲ್ಲ ಚೆಕ್-ಇನ್‌ಗೂ ಇಲ್ಲ. ಖಾಲಿ ಸ್ಟೋವ್ ತರಬಹುದು, ಆದರೆ ಹನಿ ಇಂಧನವೂ ವಾಸನೆಯೂ ಇರದ ಹಾಗೆ ತೊಳೆದಿರಬೇಕು. ಅಷ್ಟು ಮಾಡಿದರೂ ವಿಮಾನದವರು ಬೇಡ ಅನ್ನಬಹುದು. ನನ್ನ ಸ್ಟೋವ್ ಡಲ್ಲಾಸ್‌ನಲ್ಲೇ ಉಳಿದದ್ದು ಹೀಗೆ. ಬೆಂಕಿಪೊಟ್ಟಣ ಚೆಕ್-ಇನ್‌ಗೆ ಬೇಡ. ಗಾಜಿನ ಬಾಟಲಿ ಬೇಡ, ಒಡೆದರೆ ಆ ನೆಲದಿಂದ ಚೂರು ಹೆಕ್ಕುವವರು ನೀವೇ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಎರಡು ಕವರ್ ಸುತ್ತಿ. ಸುತ್ತದೆ ಹೋದರೆ ಮಲಗುವ ಚಾಪೆ ವಾರವಿಡೀ ಮಾವಿನಕಾಯಿ ವಾಸನೆ ಹೊಡೆಯುತ್ತದೆ.

ಊಟ: ಒಲೆ ಬೇಡದ್ದನ್ನೇ ಒಯ್ಯಿರಿ

ಒಲೆ ಹಚ್ಚುವುದು ದೊಡ್ಡ ಕಷ್ಟ ಅಲ್ಲ. ಪಾತ್ರೆ ತೊಳೆದ ನೀರೇ ದೊಡ್ಡ ಕಷ್ಟ. ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ. ತುಂಬಿಸಿಟ್ಟುಕೊಂಡು ಊರಿಗೆ ವಾಪಸು ಒಯ್ಯಬೇಕು, ಇಲ್ಲ ಆವಿಯಾಗಿಸಬೇಕು. ಕುಕ್ಕರ್ ತಳಕ್ಕೆ ಅಂಟಿದ ಅನ್ನ ತೊಳೆದ ನೀರನ್ನು ಮೂರು ದಿನ ಬಿಸಿಲಲ್ಲಿ ಇಟ್ಟುಕೊಂಡು ನೋಡಿ, ಆಮೇಲೆ ನೀವೇ ಕುಕ್ಕರ್ ಬೇಡ ಅಂತೀರಿ.

ಇಲ್ಲಿ ನಮ್ಮ ಅವಲಕ್ಕಿಗೆ ಸಾಟಿಯೇ ಇಲ್ಲ. ಗೊಜ್ಜವಲಕ್ಕಿ ಮನೆಯಲ್ಲೇ ಒಣದಾಗಿ ಮಾಡಿಟ್ಟುಕೊಳ್ಳಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ, ಸಾಸಿವೆ, ಕಡ್ಲೆಬೇಳೆ, ಕಡ್ಲೆಕಾಯಿ ಬೀಜ, ಇಂಗು. ಕೆಳಗಿಳಿಸಿ ಆರಿದ ಮೇಲೆ ಸಾರಿನ ಪುಡಿ, ಬೆಲ್ಲದ ಪುಡಿ, ಉಪ್ಪು, ಹುಣಸೆಹಣ್ಣಿನ ಬದಲು ಒಣ ಹುಣಸೆ ಪುಡಿ ಅಥವಾ ಆಮ್‌ಚೂರ್, ಹುರಿದ ಎಳ್ಳಿನ ಪುಡಿ ಎಲ್ಲ ಬೆರೆಸಿ ಅವಲಕ್ಕಿಗೆ ಕಲಸಿ. ಕರಿಬೇವು ಹಾಕುವುದಾದರೆ ಗರಿಗರಿ ಆಗುವವರೆಗೆ ಹುರಿದು ಪುಡಿ ಮಾಡಿ ಹಾಕಿ, ತಟ್ಟೆಯಂಚಿಗೆ ಎತ್ತಿಡುವ ಎಲೆ ಅಲ್ಲಿ ಕಸ. ಒಂದೊಂದು ಊಟಕ್ಕೆ ಒಂದೊಂದು ಜಿಪ್ಪಿನ ಕವರ್ ಮಾಡಿ. ಅಲ್ಲಿ ಆ ಕವರಿಗೇ ತಣ್ಣೀರು ಹಾಕಿ, ಅವಲಕ್ಕಿ ಮುಳುಗುವಷ್ಟು ಸಾಕು, ಕೈಯಲ್ಲಿ ಹಿಸುಕಿ ಹದಿನೈದು ನಿಮಿಷ ಬಿಡಿ. ಕವರಿನಿಂದಲೇ ಚಮಚ ಹಾಕಿ ತಿನ್ನಿ. ತಟ್ಟೆ ಇಲ್ಲ, ತೊಳೆಯುವುದಿಲ್ಲ.

2023ರ ಆ ಕೆಸರಿನ ಶನಿವಾರ ಬೆಳಗ್ಗೆ ಪಕ್ಕದ ಕ್ಯಾಂಪಿನ ನಾಲ್ವರಿಗೆ ಒಲೆ ಹಚ್ಚಲು ಒಣ ಜಾಗವೇ ಇರಲಿಲ್ಲ. ಹಿಂದಿನ ವರ್ಷ ಚಪ್ಪರದ ಕೆಳಗೆ ಜಾಗ ಕೊಟ್ಟಿದ್ದವರಲ್ಲಿ ಇಬ್ಬರು ಅದರಲ್ಲಿದ್ದರು. ಮೂರು ಕವರ್ ಬಿಚ್ಚಿ ಕೊಟ್ಟೆ. ಸಿಹಿ, ಹುಳಿ, ಖಾರ ಮೂರೂ ಒಟ್ಟಿಗೆ ಬಂದದ್ದಕ್ಕೆ ಒಬ್ಬಳು ಕಣ್ಣರಳಿಸಿ ನೋಡಿದಳು. ಆಮೇಲೆ ಕವರನ್ನು ತಿರುಗಿಸಿ ಬೆರಳಲ್ಲಿ ಬಳಿದಳು.

ಜೊತೆಗೆ ಬಿಸಿ ಮಾಡಿದರೆ ಸಾಕು ಅನ್ನುವ ರೆಡಿಮೇಡ್ ಊಟದ ಪೊಟ್ಟಣಗಳು, 300 ಗ್ರಾಮಿನವು, ದಿನಕ್ಕೊಂದರಂತೆ ಎಂಟು. ಎಂಟಿಆರ್ ಬಿಸಿಬೇಳೆಬಾತ್, ರಾಜ್ಮಾ, ಯಾವುದಾದರೂ ಸರಿ. ರಟ್ಟಿನ ಡಬ್ಬ ಮನೆಯಲ್ಲೇ ಬಿಸಾಡಿ, ಒಳಗಿನ ಪೊಟ್ಟಣ ಮಾತ್ರ ತನ್ನಿ. ಮಧ್ಯಾಹ್ನ ಕಾರಿನ ಗಾಜಿನ ಕೆಳಗೆ ಬಿಸಿಲಿಗೆ ಇಟ್ಟರೆ ಒಂದು ಗಂಟೆಯಲ್ಲಿ ತಿನ್ನುವ ಹದಕ್ಕೆ ಬಿಸಿ ಆಗಿರುತ್ತದೆ. ಇವು ಚೆಕ್-ಇನ್‌ಗೇ ಹೋಗಬೇಕು, ಕೈಬ್ಯಾಗಿನಲ್ಲಿ ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ.

ಇನ್ನುಳಿದದ್ದು: ಗೊಜ್ಜವಲಕ್ಕಿ ಒಂದೂವರೆ ಕೆಜಿ, ಹುರಿಹಿಟ್ಟು ಅರ್ಧ, ಕೋಡುಬಳೆ ನಿಪ್ಪಟ್ಟು ಒಂದು ಕೆಜಿ, ಚಿಕ್ಕಿ ಅರ್ಧ, ಚಟ್ನಿಪುಡಿ 200 ಗ್ರಾಂ. ಆ ಬಿಸಿಲಿಗೆ ಹಸಿವು ಸತ್ತುಹೋಗುತ್ತದೆ, ಉಪ್ಪುಖಾರದ್ದು ಮಾತ್ರ ಇಳಿಯುತ್ತದೆ. ಸಿಹಿ ಜಾಸ್ತಿ ಬೇಡ. ಸಿಪ್ಪೆ ಇರುವುದು ಯಾವುದೂ ಬೇಡ, ಪಿಸ್ತಾ, ಸಿಪ್ಪೆಯ ಕಡ್ಲೆಕಾಯಿ, ಕಿತ್ತಳೆ. ಒಂದೊಂದು ಸಿಪ್ಪೆಯನ್ನೂ ನೀವೇ ಹೊರಬೇಕು. ಓಆರ್‌ಎಸ್ ಪೊಟ್ಟಣ ಮಾತ್ರ ದಿನಕ್ಕೆ ಎರಡರಂತೆ ಇರಲಿ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ, ತಲೆನೋವು ಹಿಡಿಯುತ್ತದೆ. ಕಾಫಿಗೆ ಇನ್‌ಸ್ಟಂಟ್ ಪುಡಿ, ಹಾಲಿನ ಪುಡಿ, ಒಂದು ಥರ್ಮಸ್. ಫಿಲ್ಟರ್ ಕಾಫಿ ಆಸೆ ಬಿಟ್ಟುಬಿಡಿ.

ಬೆಂಗಳೂರಿನಿಂದ ನೇರ ಬರುವವರಿಗೆ ಒಂದು ಮಾತು. ಅಮೆರಿಕದ ಕಸ್ಟಮ್ಸ್‌ನಲ್ಲಿ ಊಟದ ಸಾಮಾನು ಇದೆ ಅಂತ ಹೇಳಿಬಿಡಿ, ಬಚ್ಚಿಡಬೇಡಿ. ಹುರಿದ ಪುಡಿ, ಕರಿದ ತಿಂಡಿ ತೊಂದರೆ ಕೊಡುವುದಿಲ್ಲ. ಹಸಿ ಕರಿಬೇವು, ಹಣ್ಣು, ತರಕಾರಿ, ಮಾಂಸ ಇದ್ದರೆ ತೆಗೆದಿಡುತ್ತಾರೆ.

ರೀನೋದ ಅರ್ಧ ದಿನ

ಜಾತ್ರೆ ಶುರುವಾಗುವ ವಾರಾಂತ್ಯ ರೀನೋದ ದೊಡ್ಡ ಅಂಗಡಿಗಳಲ್ಲಿ ನೀರಿನ ಕಪಾಟೇ ಖಾಲಿ ಹೊಡೆಯುತ್ತಿರುತ್ತದೆ. ಬೆಳಗ್ಗೆ ಬೇಗ ಹೋಗಿ. ಸಿಗದಿದ್ದರೆ ದಾರಿಯಲ್ಲಿ ಫರ್ನ್‌ಲಿ ಊರಲ್ಲಿ ನೋಡಿ.

ನೀರು ಕೊಳ್ಳುವಾಗ ಕ್ಯಾನ್ ಅದುಮಿ ನೋಡಿ. ಹಾಲಿನ ಕ್ಯಾನಿನಂಥ ತೆಳು ಪ್ಲಾಸ್ಟಿಕ್ ಆದರೆ ಬೇಡ. ನಲ್ಲಿ ಇರುವ ಎರಡೂವರೆ ಗ್ಯಾಲನ್ ಡಬ್ಬ ನೋಡಲು ಚೆನ್ನಾಗಿದೆ, ಆದರೆ ಒಳಗಿನ ಮಣ್ಣುದಾರಿಯ ಕುಲುಕಾಟಕ್ಕೆ ನಲ್ಲಿ ಸಡಿಲವಾಗಿ ನನ್ನ ಒಂದು ಡಬ್ಬ ಕಾರಿನ ಹಿಂದೆ ಪೂರ್ತಿ ಸೋರಿಹೋಯಿತು. ಗಟ್ಟಿ ಪ್ಲಾಸ್ಟಿಕ್ಕಿನ ಒಂದೊಂದು ಗ್ಯಾಲನ್ ಬಾಟಲಿಗಳೇ ಲೇಸು. ಒಂದು ಸೋರಿದರೆ ಒಂದೇ ಹೋಗುತ್ತದೆ.

ಕಂಬಿಯೋ ಸ್ಕ್ರೂವೋ, ಅದರ ತುದಿಗೆ ಚುಚ್ಚಲು ಹಳೇ ಟೆನಿಸ್ ಚೆಂಡು ಕೊಳ್ಳಿ. ಕತ್ತಲಲ್ಲಿ ಎಡವಿ ಕಾಲು ಹರಿದುಕೊಂಡವರು ಬಹಳ ಜನ. ಒಂದು ಬಾಟಲಿ ವಿನೆಗರ್. ಆ ಧೂಳು ಕ್ಷಾರ, ಸುಣ್ಣದ ಹಾಗೆ ಪಾದ ಒಡೆಸುತ್ತದೆ. ರಾತ್ರಿ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಬಟ್ಟೆಯಲ್ಲಿ ಪಾದ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಕಾಲುಚೀಲ ಹಾಕಿ ಮಲಗಿ. ದಪ್ಪ ಕಸದ ಚೀಲ ಹತ್ತು. ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಅಗ್ಗದ್ದು ಕೊಂಡು ಅಲ್ಲೇ ಬಿಟ್ಟು ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬಾಡಿಗೆ ಕಾರಾದರೆ ಸೀಟಿಗೆಲ್ಲ ಹಳೇ ಬೆಡ್‌ಶೀಟು ಹೊದಿಸಿ, ಒಳಗೆ ಕಾರು ಒಯ್ಯಲು ಬೇರೆ ಪಾಸ್ ಬೇಕು ಅನ್ನುವುದೂ ನೆನಪಿರಲಿ. ಕಾರಿಲ್ಲದವರಿಗೆ ರೀನೋದಿಂದ ಬರ್ನರ್ ಎಕ್ಸ್‌ಪ್ರೆಸ್ ಅನ್ನುವ ಬಸ್ಸಿದೆ. ಗಂಟೆಗಟ್ಟಲೆ ಗೇಟಿನ ಸಾಲಿನಲ್ಲಿ ಅದು ನಿಲ್ಲುವುದಿಲ್ಲ, ಆದರೆ ಸಾಮಾನಿಗೆ ಮಿತಿ ಇದೆ. ಬಸ್ಸಲ್ಲಿ ಹೋಗುವವರು ನೀರು ತರಿಸುವ ವ್ಯವಸ್ಥೆಯನ್ನು ಕಾರಿರುವ ಗೆಳೆಯರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ. ವ್ಯಾಡ್ಸ್‌ವರ್ತ್ ಅನ್ನುವ ಊರು ದಾಟಿದ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಪಯೂಟ್ ಜನರ ಊರುಗಳ ಮೂಲಕ, ಜಾತ್ರೆಯ ಜಾಗಕ್ಕೆ ಹತ್ತಿರದ ಊರಾದ ಗರ್ಲ್ಯಾಕ್‌ವರೆಗೆ ಒಂಟಿ ರಸ್ತೆ.

ವಾಪಸು ಕಟ್ಟುವಾಗ

ಖಾಲಿ ನೀರಿನ ಬಾಟಲಿಗಳನ್ನು ದಿನವೂ ತುಳಿದು ಚಪ್ಪಟೆ ಮಾಡಿ ಮುಚ್ಚಳ ಬಿಗಿಯಿರಿ, ಹನ್ನೆರಡು ಬಾಟಲಿ ಒಂದೇ ಚೀಲಕ್ಕೆ ಹಿಡಿಸುತ್ತವೆ. ದಾರಿಯುದ್ದಕ್ಕೂ ದುಡ್ಡು ತೆಗೆದುಕೊಂಡು ಕಸ ಇಳಿಸಿಕೊಳ್ಳುವ ಜಾಗಗಳಿವೆ, ಅಲ್ಲಿ ಕೊಡಿ. ರೀನೋದ ಯಾರದೋ ಅಂಗಡಿ ಹಿಂದಿನ ಡಬ್ಬಿಗೆ ಸುರಿಯಬೇಡಿ. ಉಳಿದ ಗ್ಯಾಸ್ ಕ್ಯಾನ್, ಕಂಬಿ, ಕುರ್ಚಿ ಎಲ್ಲ ಕಾರಲ್ಲಿ ಬಂದ ಗೆಳೆಯರಿಗೆ ಕೊಡಿ.

ಟೆಂಟನ್ನು ಮಡಚುವ ಮುಂಚೆ ಇಬ್ಬರು ಹಿಡಿದು ಗಾಳಿಗೆ ಬೆನ್ನು ಮಾಡಿ ಕೊಡವಿ. ಆಮೇಲೆ ಕಸದ ಚೀಲದೊಳಗೆ ಹಾಕಿ, ಬಾಯಿ ಟೇಪು ಸುತ್ತಿ, ಅದನ್ನು ಡಫಲ್ ಒಳಗಿಡಿ. ಮನೆಗೆ ಬಂದ ಮೇಲೆ ಆ ಚೀಲವನ್ನು ಹಾಲ್‌ನಲ್ಲಿ ಬಿಚ್ಚಬೇಡಿ. ನೇರ ಹಿತ್ತಲಿಗೆ ಒಯ್ದು, ಹಗ್ಗಕ್ಕೆ ಹಾಕಿ, ವಿನೆಗರ್ ನೀರಲ್ಲಿ ಒರೆಸಿ. ನಾನು ಹಾಲ್‌ನಲ್ಲಿ ಬಿಚ್ಚಿದ್ದೆ. ಸೋಫಾದ ಸಂದಿಯಿಂದ ದೀಪಾವಳಿವರೆಗೂ ಬಿಳಿ ಧೂಳು ಬರುತ್ತಲೇ ಇತ್ತು.